‘ಹಂಗಾಮಿ’ ಪದ ಅಳಿಸಲು ಹನ್ನೆರಡು ವರ್ಷ: ಖಾಲಿದ್ ಜಮೀಲ್ ಮತ್ತು ಭಾರತೀಯ ಕೋಚ್‌ಗಳ ದಾರಿ

2014ರ ಕೊನೆಯಲ್ಲಿ ಕೋಲ್ಕತ್ತದ ಮೋಹನ್ ಬಾಗಾನ್ ಫುಟ್‌ಬಾಲ್ ಕ್ಲಬ್ ಸುಭಾಷ್ ಭೌಮಿಕ್ ಅವರನ್ನು ಬದಲಿಸಿ ಸಂಜಯ್ ಸೇನ್ ಅವರನ್ನು ಕೋಚ್ ಮಾಡಿತು. ಭೌಮಿಕ್ 1970ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಗೆದ್ದ ಭಾರತ ತಂಡದಲ್ಲಿ ಆಡಿದವರು. ಕೋಚ್ ಆಗಿ ಕೋಲ್ಕತ್ತದ ಎದುರಾಳಿ ಕ್ಲಬ್ ಈಸ್ಟ್ ಬೆಂಗಾಲ್‌ಗೆ ಸತತ ಎರಡು ರಾಷ್ಟ್ರೀಯ ಲೀಗ್ ಗೆದ್ದುಕೊಟ್ಟಿದ್ದರು, 2003ರಲ್ಲಿ ಜಕಾರ್ತಾದಿಂದ ಆಸಿಯಾನ್ ಕ್ಲಬ್ ಕಪ್ ಹೊತ್ತು ತಂದಿದ್ದರು. ಇಷ್ಟೆಲ್ಲ ಇದ್ದರೂ ಅವರ ಬಳಿ ಏಷ್ಯನ್ ಫುಟ್‌ಬಾಲ್ ಒಕ್ಕೂಟದ (ಎಎಫ್‌ಸಿ) ‘ಎ’ ಕೋಚಿಂಗ್ ಲೈಸೆನ್ಸ್ ಇರಲಿಲ್ಲ. ಆಗಿನ ರಾಷ್ಟ್ರೀಯ ಲೀಗ್ ಆದ ಐ-ಲೀಗ್‌ನಲ್ಲಿ ಮುಖ್ಯ ಕೋಚ್ ಎಂದು ಹೆಸರು ಬರೆಸಲು ಅದು ಬೇಕೇ ಬೇಕಿತ್ತು. ಆಟಗಾರನಾಗಿ ಭೌಮಿಕ್‌ರಷ್ಟು ಹೆಸರಿಲ್ಲದ ಸೇನ್ ಬಳಿ ಅದಿತ್ತು. 2015ರ ಮೇ 31ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಎದುರು 1-1 ಡ್ರಾ ಮಾಡಿಕೊಂಡು ಸೇನ್ ತಂಡ ಲೀಗ್ ಗೆದ್ದಿತು. ಮುಂದೆ ಭಾರತ ತಂಡದ ಮುಖ್ಯ ಕೋಚ್ ಆದ ಖಾಲಿದ್ ಜಮೀಲ್ ಬೆಳೆದದ್ದೂ ಹೀಗೆ ಬದಲಾಗುತ್ತಿದ್ದ ಕಾಲದಲ್ಲೇ.

ದೇಶಕ್ಕೆ ಆಡಿದವನು ಕ್ಲಬ್‌ಗೆ ಕೋಚ್ ಆಗುವುದು ಒಂದು ಕಾಲಕ್ಕೆ ತೀರಾ ಸಹಜವಾಗಿತ್ತು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ನಾಯಕರಾಗಿದ್ದ ಪಿ.ಕೆ. ಬ್ಯಾನರ್ಜಿ 1972ರಲ್ಲಿ ಈಸ್ಟ್ ಬೆಂಗಾಲ್‌ಗೆ ಬಂದರು. 1975ರ ಐಎಫ್‌ಎ ಶೀಲ್ಡ್ ಟೂರ್ನಿಯ ಫೈನಲ್‌ನಲ್ಲಿ ಮೋಹನ್ ಬಾಗಾನ್‌ಗೆ 5-0 ಹೊಡೆತ ಕೊಟ್ಟದ್ದು ಅವರ ತಂಡವೇ. 1970ರ ಕಂಚಿನ ತಂಡದ ನಾಯಕ ಸೈಯದ್ ನಯೀಮುದ್ದೀನ್ ಕೂಡ ಅದೇ ದಾರಿ ಹಿಡಿದರು. ಆಗ ಕೋಚ್‌ಗೆ ಬೇಕಿದ್ದದ್ದು ಆಟಗಾರರು ತಲೆಬಾಗುವಂಥ ಹೆಸರು, ಡ್ರೆಸ್ಸಿಂಗ್ ರೂಮಿನಲ್ಲಿ ಹುರಿದುಂಬಿಸುವ ಮಾತು. ಭೌಮಿಕ್ ಆ ಗರಡಿಯಲ್ಲಿ ಪಳಗಿದವರು.

ಏಷ್ಯನ್ ಫುಟ್‌ಬಾಲ್ ಒಕ್ಕೂಟದ ಲೈಸೆನ್ಸ್ ಪದ್ಧತಿ ಬಿಗಿಯಾದಂತೆ ಲೆಕ್ಕ ಬದಲಾಯಿತು. ಮೆಟ್ಟಿಲುಗಳು ಡಿ, ಸಿ, ಬಿ, ಎ, ಕೊನೆಗೆ ಪ್ರೊ. ಸಾಮಾನ್ಯವಾಗಿ ನಡುವೆ ಒಂದನ್ನು ಹಾರುವಂತಿಲ್ಲ. ಒಂದು ಹಂತ ಮುಗಿಸಿದವರು ಯಾವುದಾದರೂ ತಂಡದೊಂದಿಗೆ ಕೆಲಸ ಮಾಡಿ ತೋರಿಸಿದ ಮೇಲೇ ಮುಂದಿನದು. ಅಭ್ಯರ್ಥಿ ತಾಲೀಮಿನ ಯೋಜನೆಯನ್ನು ಕಾಗದದ ಮೇಲೆ ಬರೆಯಬೇಕು: ಎಷ್ಟು ಆಟಗಾರರು, ಎಷ್ಟು ಮೀಟರ್ ಜಾಗ, ಎಷ್ಟು ನಿಮಿಷ, ಯಾವ ತಪ್ಪನ್ನು ತಿದ್ದಲು. ನಂತರ ಅದನ್ನೇ ಮೈದಾನದಲ್ಲಿ ಪರೀಕ್ಷಕರ ಮುಂದೆ ನಡೆಸಬೇಕು. ದೊಡ್ಡ ಆಟಗಾರರು ಎಡವುವುದು ಹೆಚ್ಚಾಗಿ ಇಲ್ಲೇ. ಚೆಂಡನ್ನು ತಾವೇ ಒದ್ದು ತೋರಿಸುತ್ತಾರೆ, ಹುಡುಗನ ಕಾಲು ಎಲ್ಲಿ ತಪ್ಪಿತು, ದೇಹ ಯಾವ ಕಡೆ ತಿರುಗಿರಬೇಕಿತ್ತು ಎಂದು ಬಿಡಿಸಿ ಹೇಳಲು ಬರುವುದಿಲ್ಲ. ತನಗೆ ಹುಟ್ಟಿನಿಂದ ಬಂದದ್ದನ್ನು ಇನ್ನೊಬ್ಬನಿಗೆ ಕಲಿಸುವುದು ಬೇರೆಯೇ ವಿದ್ಯೆ.

ಖಾಲಿದ್ ಜಮೀಲ್ ಆ ವಿದ್ಯೆಯನ್ನು ನಿಧಾನವಾಗಿ ಕಲಿತರು. 1977ರಲ್ಲಿ ಕುವೈತ್‌ನಲ್ಲಿ ಭಾರತೀಯ ಕುಟುಂಬದಲ್ಲಿ ಹುಟ್ಟಿದ ಅವರು ಕೊಲ್ಲಿ ಯುದ್ಧದ ಹೊತ್ತಿಗೆ ಭಾರತಕ್ಕೆ ಬಂದರು. ಮಿಡ್‌ಫೀಲ್ಡರ್ ಆಗಿ ಮಹೀಂದ್ರಾ ಯುನೈಟೆಡ್, ಏರ್ ಇಂಡಿಯಾ ತಂಡಗಳಲ್ಲಿ ಆಡಿ ಭಾರತದ ಜೆರ್ಸಿ ತೊಟ್ಟರು. ಗಾಯಗಳು ಬೆನ್ನು ಬಿಡಲಿಲ್ಲ. ಕೊನೆಯ ಕ್ಲಬ್ ಮುಂಬೈ ಎಫ್‌ಸಿ 2009ರಲ್ಲಿ ಅವರನ್ನೇ ಕೋಚ್ ಮಾಡಿತು. ವಯಸ್ಸು ಮೂವತ್ತೆರಡು, ನಿನ್ನೆಯವರೆಗೆ ಜೊತೆಗೆ ಆಡಿದವರನ್ನೇ ಇಂದು ಬೆಂಚಿನಲ್ಲಿ ಕೂರಿಸಬೇಕಾದ ಸ್ಥಿತಿ.

ಮುಂಬೈನಲ್ಲಿ ಅವರು ಏಳು ವರ್ಷ ಇದ್ದರು. ಒಂದೂ ದೊಡ್ಡ ಟ್ರೋಫಿ ಬರಲಿಲ್ಲ, ತಂಡ ಕೆಳಗಿನ ಡಿವಿಷನ್‌ಗೂ ಜಾರಲಿಲ್ಲ. ಕಡಿಮೆ ಹಣದ ತಂಡವನ್ನು ಉಳಿಸಿಕೊಳ್ಳುವ ಈ ಕೆಲಸವನ್ನು ಆಗ ಯಾರೂ ಹೊಗಳಲಿಲ್ಲ. ಆದರೆ ಮುಂದೆ ಅವರ ಕೈಹಿಡಿದದ್ದು ಇಲ್ಲಿ ರೂಢಿಸಿಕೊಂಡ ಪದ್ಧತಿಯೇ. ಚೆಂಡು ಎದುರಾಳಿಯ ಬಳಿ ಇದ್ದಾಗ ಇಡೀ ತಂಡ ಹಿಂದೆ ಸರಿದು ಬಿಗಿಯಾಗುತ್ತದೆ. ಡಿಫೆನ್ಸ್ ಸಾಲಿಗೂ ಸ್ಟ್ರೈಕರ್‌ಗೂ ನಡುವೆ ಸುಮಾರು 30 ಮೀಟರ್ ಮೀರಬಾರದು. ಮೀರಿದರೆ ನಡುವಿನ ಖಾಲಿ ಜಾಗದಲ್ಲಿ ಎದುರಾಳಿಯ ಪ್ಲೇಮೇಕರ್ ಆರಾಮಾಗಿ ತಿರುಗಿ ಪಾಸ್ ಹುಡುಕುತ್ತಾನೆ. ಚೆಂಡು ಸಿಕ್ಕೊಡನೆ ಸುತ್ತು ಬಳಸದೆ ಮೈದಾನದ ಎರಡು ಅಂಚುಗಳ (ವಿಂಗ್) ಕಡೆಗೆ, ಅಲ್ಲಿಂದ ಗೋಲಿನ ಮುಂದಕ್ಕೆ ಕ್ರಾಸ್. ಜೊತೆಗೆ ಕಾರ್ನರ್, ಫ್ರೀಕಿಕ್‌ಗಳ ತಾಲೀಮು. ಇದರ ದುರ್ಬಲ ಕೊಂಡಿ ಸ್ಟ್ರೈಕರ್. ಮೇಲೆ ಬಂದ ಉದ್ದನೆಯ ಚೆಂಡನ್ನು ಅವನು ಎದೆಗೊಟ್ಟು ಎರಡು ಮೂರು ಸೆಕೆಂಡ್ ಹಿಡಿದಿಡದಿದ್ದರೆ ಅದು ನೇರ ವಾಪಸ್ ಬರುತ್ತದೆ, ಡಿಫೆಂಡರ್‌ಗಳಿಗೆ ಉಸಿರಾಡಲು ಬಿಡುವಿರುವುದಿಲ್ಲ, ಕೊನೆಯ ಇಪ್ಪತ್ತು ನಿಮಿಷದಲ್ಲಿ ಗೋಡೆ ಬಿರುಕು ಬಿಡುತ್ತದೆ.

2016ರಲ್ಲಿ ಮುಂಬೈ ಅವರನ್ನು ಬಿಟ್ಟಿತು. ಮಿಜೋರಾಂನ ಐಜ್ವಾಲ್ ಎಫ್‌ಸಿ ಆಗಷ್ಟೇ ಐ-ಲೀಗ್‌ನಿಂದ ಕೆಳಗಿಳಿದಿತ್ತು. ಗೋವಾದ ಕ್ಲಬ್‌ಗಳು ಲೀಗ್ ತೊರೆದದ್ದರಿಂದ ಅದಕ್ಕೆ ಮತ್ತೆ ಜಾಗ ಸಿಕ್ಕಿತು. ಖಾಲಿದ್ ಅಲ್ಲಿಗೆ ಹೋದಾಗ ಮುಂಬೈನಲ್ಲಿ ತಮ್ಮ ಕೈಕೆಳಗೆ ಆಡಿದ್ದ ಅಶುತೋಷ್ ಮೆಹ್ತಾ, ಜಯೇಶ್ ರಾಣೆ ಅವರಂಥವರೂ ಆ ತಂಡಕ್ಕೆ ಬಂದರು. ಚುರುಕು ಕಾಲಿನ ಮಿಜೋ ಹುಡುಗರ ನಡುವೆ ಸಿರಿಯಾದ ಮಹಮೂದ್ ಅಲ್ ಅಮ್ನಾ, ಲೈಬೀರಿಯಾದ ಆಲ್ಫ್ರೆಡ್ ಜರ್ಯಾನ್ ಬೆನ್ನೆಲುಬಾದರು. 2017ರ ಏಪ್ರಿಲ್ 30ರಂದು ಶಿಲ್ಲಾಂಗ್‌ನಲ್ಲಿ ಅಲ್ಲಿನ ಲಾಜೊಂಗ್ ತಂಡದ ಎದುರು 1-1 ಡ್ರಾ ಸಾಕಾಯಿತು. 18 ಪಂದ್ಯ, 11 ಗೆಲುವು, 37 ಅಂಕ. ಮೋಹನ್ ಬಾಗಾನ್‌ಗೆ 36. ಈಶಾನ್ಯದ ಕ್ಲಬ್ಬೊಂದು ರಾಷ್ಟ್ರೀಯ ಲೀಗ್ ಗೆದ್ದದ್ದು ಅದೇ ಮೊದಲು. ಅದೇ ಋತುವಿನಲ್ಲಿ ಮುಂಬೈ ಎಫ್‌ಸಿ ಕಟ್ಟಕಡೆಗೆ ಬಿದ್ದಿತು. ಏಳು ವರ್ಷ ಆ ತಂಡ ಜಾರದಂತೆ ಹಿಡಿದದ್ದು ಎಂಥ ಕೆಲಸವಾಗಿತ್ತು ಎಂಬುದು ಆಗ ಎದ್ದು ಕಂಡಿತು.

ಮುಂದಿನದು ಕೋಲ್ಕತ್ತ, ಮತ್ತು ಅಲ್ಲಿ ಅವರಿಗೆ ಕೈಗೂಡಲಿಲ್ಲ. ಅವರನ್ನು ಕೋಚ್ ಮಾಡಿಕೊಂಡಿದ್ದ ಈಸ್ಟ್ ಬೆಂಗಾಲ್ 2018ರ ಮಾರ್ಚ್‌ನಲ್ಲಿ ಅವರ ಮೇಲೆ ಟೆಕ್ನಿಕಲ್ ಡೈರೆಕ್ಟರ್ ಒಬ್ಬರನ್ನು ತಂದು ಕೂರಿಸಿತು. ಅವರು ಬೇರಾರೂ ಅಲ್ಲ, ಸುಭಾಷ್ ಭೌಮಿಕ್. ಲೈಸೆನ್ಸ್ ನಿಯಮಕ್ಕೆ ಕ್ಲಬ್‌ಗಳು ಕಂಡುಕೊಂಡಿದ್ದ ಉಪಾಯವೇ ಈ ಹುದ್ದೆ. 2012-13ರಲ್ಲಿ ಚರ್ಚಿಲ್ ಬ್ರದರ್ಸ್ ಲೀಗ್ ಗೆದ್ದಾಗಲೂ ಭೌಮಿಕ್ ಟೆಕ್ನಿಕಲ್ ಡೈರೆಕ್ಟರ್ ಆಗಿಯೇ ಇದ್ದರು. ಒಂದು ತಂಡಕ್ಕೆ ಎರಡು ಬಾಯಿ ಇದ್ದರೆ ಆಟಗಾರ ಯಾರ ಮಾತು ಕೇಳಬೇಕು? 2018ರ ಏಪ್ರಿಲ್‌ನ ಸೂಪರ್ ಕಪ್ ಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿ ಈಸ್ಟ್ ಬೆಂಗಾಲ್ ತಂಡವನ್ನು 4-1ರಿಂದ ಸೋಲಿಸಿತು. 2019ರಲ್ಲಿ ಮೋಹನ್ ಬಾಗಾನ್‌ನಲ್ಲೂ ಖಾಲಿದ್ ವಾಸ ಕೆಲವೇ ತಿಂಗಳು.

ಅಷ್ಟರಲ್ಲಿ ದೊಡ್ಡ ಹಣವೆಲ್ಲ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಕಡೆಗೆ ಹರಿದಿತ್ತು. ಅಲ್ಲಿ ಮುಖ್ಯ ಕೋಚ್ ಎಂದರೆ ವಿದೇಶಿ, ಭಾರತೀಯನಿಗೆ ಸಹಾಯಕನ ಕುರ್ಚಿ. ಋತುವಿನ ನಡುವೆ ವಿದೇಶಿ ಹೊರಟರೆ ಆ ಕುರ್ಚಿಗೆ ‘ಹಂಗಾಮಿ’ ಎಂಬ ಪದ ಅಂಟುತ್ತಿತ್ತು. 2021ರ ಜನವರಿಯಲ್ಲಿ ಒಂದೇ ವಾರದೊಳಗೆ ಎರಡು ಕಡೆ ಹೀಗಾಯಿತು. ಬೆಂಗಳೂರು ಎಫ್‌ಸಿ ಕಾರ್ಲೆಸ್ ಕ್ವಾಡ್ರಾಟ್ ಅವರಿಂದ ಬೇರೆಯಾಗಿ ನೌಷಾದ್ ಮೂಸಾಗೆ ತಂಡ ಒಪ್ಪಿಸಿತು. ನಾರ್ತ್‌ಈಸ್ಟ್ ಯುನೈಟೆಡ್ ಜೆರಾರ್ಡ್ ನೂಸ್ ಅವರನ್ನು ಕಳಿಸಿ ಖಾಲಿದ್‌ಗೆ ಕೊಟ್ಟಿತು. ನೂಸ್ 11 ಪಂದ್ಯಗಳಲ್ಲಿ 12 ಅಂಕ ಗಳಿಸಿದ್ದರು. ಖಾಲಿದ್ ಉಳಿದ 9ರಲ್ಲಿ ಆರು ಗೆದ್ದು, ಮೂರು ಡ್ರಾ ಮಾಡಿ 21 ಅಂಕ ತಂದರು. ತಂಡ ಮೂರನೇ ಸ್ಥಾನದೊಂದಿಗೆ ಸೆಮಿಫೈನಲ್ ತಲುಪಿತು. ಅದೇ ಆಟಗಾರರು, ಕೋವಿಡ್ ಕಾಲದ ಗೋವಾದ ಅದೇ ಬಯೋಬಬಲ್. ಹೊಸ ಆಟ ಕಲಿಸಲು ಸಮಯವೇ ಇಲ್ಲದಾಗ ರಕ್ಷಣೆಯ ಅಂತರಗಳನ್ನು ಮೊದಲು ಸರಿಪಡಿಸಿದರೆ ಫಲಿತಾಂಶ ಬೇಗ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಆ ವರ್ಷದ ಅಕ್ಟೋಬರ್‌ನಲ್ಲಿ, ಕೋಚ್ ಆದ ಹನ್ನೆರಡು ವರ್ಷಕ್ಕೆ, ‘ಹಂಗಾಮಿ’ ಪದ ಅಳಿಸಿ ಅವರು ಐಎಸ್‌ಎಲ್‌ನ ಮೊದಲ ಪೂರ್ಣಾವಧಿ ಭಾರತೀಯ ಮುಖ್ಯ ಕೋಚ್ ಆದರು. ಆದರೆ 2021-22ರಲ್ಲಿ ಅದೇ ನಾರ್ತ್‌ಈಸ್ಟ್ 20 ಪಂದ್ಯಗಳಲ್ಲಿ 14 ಅಂಕ ಮಾತ್ರ ಗಳಿಸಿ ಹತ್ತನೇ ಸ್ಥಾನಕ್ಕೆ ಕುಸಿಯಿತು. ಮೈದಾನದಲ್ಲಿ ವಿದೇಶಿಯರ ಮಿತಿ ಐದರಿಂದ ನಾಲ್ಕಕ್ಕೆ ಇಳಿದ ಋತು ಅದು. ಬಿಗಿದುಕೊಂಡು ಆಡಿ ಎದುರಾಳಿಯ ತಪ್ಪಿಗೆ ಕಾಯುವ ತಂಡಕ್ಕೆ ಮುಂಚೂಣಿಯಲ್ಲಿ ಒಬ್ಬ ಕಡಿಮೆಯಾದರೂ ನಷ್ಟ ದೊಡ್ಡದು. ಈ ಸೋಲನ್ನು ಮುಚ್ಚಿಟ್ಟು ಐಜ್ವಾಲ್ ಕಥೆಯನ್ನಷ್ಟೇ ಹೇಳುವವರು ಕೋಚ್ ವೃತ್ತಿಗೆ ನ್ಯಾಯ ಮಾಡುವುದಿಲ್ಲ.

2023ರಲ್ಲಿ ಅವರು ಎರಡು ಮೆಟ್ಟಿಲು ಕೆಳಗಿಳಿದು ನಮ್ಮ ಎಫ್‌ಸಿ ಬೆಂಗಳೂರು ಯುನೈಟೆಡ್ ಸೇರಿದರು. ಐಎಸ್‌ಎಲ್‌ನಲ್ಲಿ ಕೆಲಸ ಮಾಡಿದವರು ಕೆಳ ಡಿವಿಷನ್‌ನ ಕ್ಲಬ್‌ಗೆ ಬರುವುದು ಸುಲಭದ ನಿರ್ಧಾರವಲ್ಲ. ಬೆಂಗಳೂರಿನದೇ ಹುಡುಗ, ಭಾರತ ತಂಡದ ನಾಯಕರಾಗಿದ್ದ ಕಾರ್ಲ್‌ಟನ್ ಚಾಪ್‌ಮನ್ ಕೂಡ ಆಟ ಬಿಟ್ಟ ಮೇಲೆ ಟಾಟಾ ಅಕಾಡೆಮಿ, ರಾಯಲ್ ವಾಹಿಂಗ್ಡೋ, ಭವಾನಿಪುರ ಎಂದು ಇಂಥ ಕ್ಲಬ್‌ಗಳಲ್ಲೇ ದುಡಿದವರು. ದೊಡ್ಡ ಲೀಗ್‌ನ ಮುಖ್ಯ ಕೋಚ್ ಹುದ್ದೆ ದಕ್ಕುವ ಮುನ್ನವೇ, 2020ರ ಅಕ್ಟೋಬರ್‌ನಲ್ಲಿ, 49ನೇ ವಯಸ್ಸಿಗೆ ತೀರಿಕೊಂಡರು.

2023ರ ಡಿಸೆಂಬರ್ 31ರಂದು ಜಮ್‌ಶೆಡ್‌ಪುರ ಎಫ್‌ಸಿಯಿಂದ ಖಾಲಿದ್‌ಗೆ ಕರೆ ಬಂತು. 2024-25ರಲ್ಲಿ ತಂಡ ಐದನೇ ಸ್ಥಾನ ಪಡೆದು, ಪ್ಲೇಆಫ್‌ನಲ್ಲಿ ಖಾಲಿದ್ ಅವರ ಹಳೆಯ ನಾರ್ತ್‌ಈಸ್ಟ್ ತಂಡವನ್ನೇ 2-0ರಿಂದ ಸೋಲಿಸಿ ಸೆಮಿಫೈನಲ್ ಆಡಿತು. ಸೂಪರ್ ಕಪ್‌ನ ಫೈನಲ್‌ಗೂ ಹೋಯಿತು. 2025ರ ಆಗಸ್ಟ್ 1ರಂದು ಅವರು ಭಾರತ ತಂಡದ ಮುಖ್ಯ ಕೋಚ್ ಆಗಿ ನೇಮಕಗೊಂಡರು. 2012ರವರೆಗೆ ಇದ್ದ ಸಾವಿಯೋ ಮೆಡೀರಾ ನಂತರ ಆ ಸ್ಥಾನಕ್ಕೆ ಬಂದ ಮೊದಲ ಭಾರತೀಯ ಅವರು. ಜಮ್‌ಶೆಡ್‌ಪುರದಲ್ಲಿ ಅವರು ಬಿಟ್ಟುಹೋದ ಜಾಗಕ್ಕೆ ಅವರ ಸಹಾಯಕರಾಗಿದ್ದ ಭಾರತದ ಮಾಜಿ ವಿಂಗರ್ ಸ್ಟೀವನ್ ಡಯಾಸ್ ಬಂದರು, ಹಂಗಾಮಿ ಕೋಚ್ ಆಗಿ.