ಎಂ.ಎಡ್. ಮಾಡಿದರೆ ಮಾತ್ರ ಶಿಕ್ಷಕರ ತರಬೇತಿಗೆ ಹೋಗಬಹುದಾ?

ಪ್ರಶ್ನೆ: ತೀರ್ಥಹಳ್ಳಿ ಕಡೆಯ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಎಂ.ಎಸ್ಸಿ., ಬಿ.ಎಡ್. ಆಗಿದೆ. ಮುಂದೆ ಶಿಕ್ಷಕರಿಗೇ ಕಲಿಸುವ ಆಸೆ. ಎಂ.ಎಡ್. ಮಾಡಲೇಬೇಕಾ?

ಉತ್ತರ: ಬಿ.ಎಡ್. ಕಾಲೇಜಿಗೆ ಹೋಗುವುದಾದರೆ ಬೇಕೇ ಬೇಕು. ಶಿಕ್ಷಕರ ತರಬೇತಿ ಕೋರ್ಸುಗಳಿಗೆ ನಿಯಮ ಮಾಡುವ ರಾಷ್ಟ್ರೀಯ ಪರಿಷತ್ತಾದ ಎನ್‌ಸಿಟಿಇಯ 2014ರ ನಿಯಮದಂತೆ ಗಣಿತ ಬೋಧನೆ ಕಲಿಸುವವರಿಗೆ ಎಂ.ಎಸ್ಸಿ., ಎಂ.ಎಡ್. ಎರಡರಲ್ಲೂ ಶೇ. 55 ಅಂಕ ಇರಬೇಕು. ಎಂ.ಎಡ್. ಎರಡು ವರ್ಷವಾದದ್ದೂ ಆ ನಿಯಮದಿಂದಲೇ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ (ಆರ್‌ಐಇ) ಓದುವ ಯೋಚನೆ ಇದ್ದರೆ ರಜೆ, ಸಂಬಳದ ಲೆಕ್ಕ ಮೊದಲೇ ಹಾಕಿಕೊಳ್ಳಿ. ಶಿವಮೊಗ್ಗದ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ನಡೆಸುವ ತರಬೇತಿಗಳಿಗೆ ಸಂಪನ್ಮೂಲ ವ್ಯಕ್ತಿಯಾಗಿ, ಅಂದರೆ ಕಲಿಸುವವರಾಗಿ, ಹೋಗುವುದಕ್ಕೆ ಮಾತ್ರ ಎಂ.ಎಡ್.ಗೆ ಕಾಯಬೇಕಿಲ್ಲ.

ಅಲ್ಲಿಗೆ ಏನು ಹೊತ್ತುಕೊಂಡು ಹೋಗುತ್ತೀರಿ ಅನ್ನುವುದೇ ಕಷ್ಟದ ಪ್ರಶ್ನೆ. ನಾನು ಹೇಳುವುದು, ಮಕ್ಕಳ ಉತ್ತರಗಳನ್ನು.

0.4 ದೊಡ್ಡದೋ 0.25 ದೊಡ್ಡದೋ ಅಂತ ತರಗತಿಯಲ್ಲಿ ಕೇಳಿ ನೋಡಿ. ಕೆಲವರು 0.25 ಅನ್ನುತ್ತಾರೆ. 4ಕ್ಕಿಂತ 25 ದೊಡ್ಡದಲ್ವಾ! ಈ ತಪ್ಪು ಎಲ್ಲ ಮೇಷ್ಟ್ರಿಗೂ ಗೊತ್ತು. 0.4 ಅಂದವರಿಗೆ ರೈಟ್ ಹಾಕಿ ಮುಂದೆ ಹೋಗುತ್ತೇವೆ. ಎಡವಟ್ಟಾಗುವುದು ಅಲ್ಲೇ. ನೂರನೇ ಭಾಗ ಅಂದರೆ ಪುಟ್ಟ ಚೂರು, ಹಾಗಾಗಿ ಪಾಯಿಂಟ್ ಆದಮೇಲೆ ಅಂಕಿ ಜಾಸ್ತಿ ಇದ್ದಷ್ಟೂ ಸಂಖ್ಯೆ ಚಿಕ್ಕದು ಅಂತ ನಂಬಿದವರೂ ಅವರಲ್ಲಿ ಇರುತ್ತಾರೆ. ಅವರಿಗೆ 0.45, 0.3 ಕೊಡಿ. 0.3 ದೊಡ್ಡದು ಅನ್ನುತ್ತಾರೆ. ಮೊದಲ ಉತ್ತರ ಸರಿ ಬಂದದ್ದು ಸುಮ್ನೆ ಅದೃಷ್ಟ.

ಇದಕ್ಕೆಲ್ಲ ನಮ್ಮ ಮೆಚ್ಚಿನ ಮದ್ದು ರೂಪಾಯಿ-ಪೈಸೆ. ಅದೂ ಕೈಕೊಡುತ್ತದೆ. 3.4 ಅಂದರೆ ಮೂರು ರೂಪಾಯಿ ನಾಲ್ಕು ಪೈಸೆ ಅಂತ ಓದುವ ಹುಡುಗನಿಗೆ 3.25 ದೊಡ್ಡದಾಗಿ ಕಾಣದೆ ಇನ್ನೇನು? ಅಡಿಕೆ ತೂಕಕ್ಕೆ ಬಂದರೂ ಅಷ್ಟೇ, 3.4 ಕೆ.ಜಿ.ಯನ್ನು ಮೂರು ಕಿಲೋ ನಾಲ್ಕು ಗ್ರಾಂ ಅಂತ ಓದುವವರು ಸಿಗುತ್ತಾರೆ. ಹತ್ತನೇ ಭಾಗ ಅಂದರೆ ಏನು ಅಂತ ಕಾಗದದ ಪಟ್ಟಿ ಕತ್ತರಿಸಿಯೋ ಸಂಖ್ಯಾರೇಖೆ ಎಳೆದೋ ತೋರಿಸದೆ ದಾರಿಯಿಲ್ಲ.

ಇಪ್ಪತ್ತು ವರ್ಷ ಸರ್ವೀಸ್ ಆದವರ ಮುಂದೆ ನಿಂತು ದಶಮಾಂಶ ವಿವರಿಸಲು ಹೋದರೆ, ಟೀ ಯಾವಾಗ ಅಂತ ಗಡಿಯಾರ ನೋಡುತ್ತಾರೆ. ಅವರ ತಪ್ಪೇನಿಲ್ಲ, ಅವರಿಗೆ ದಶಮಾಂಶ ಗೊತ್ತು. ಅದರ ಬದಲು ಇಂಥ ಉತ್ತರಗಳ ಒಂದು ಹಾಳೆ ಕೊಡಿ. ಹೆಸರು ಅಳಿಸಿರಿ. ‘ಈ ಮಗು ಏನು ಯೋಚಿಸಿದೆ? ಮುಂದೆ ಯಾವ ಲೆಕ್ಕ ಕೊಟ್ಟರೆ ಅದು ಗೊತ್ತಾಗುತ್ತದೆ?’ ಅಂತ ಕೇಳಿ. ವಾದ ತಾನಾಗಿಯೇ ಶುರುವಾಗುತ್ತದೆ.

ತಾಲ್ಲೂಕಿನ ಗಣಿತ ಶಿಕ್ಷಕರು ಮುಂದಿನ ಸಲ ಸೇರಿದಾಗ ಅರ್ಧ ಗಂಟೆ ಕೇಳಿ ತೆಗೆದುಕೊಳ್ಳಿ. ಎಂ.ಎಡ್. ಅರ್ಜಿ ಆಮೇಲೆ ಹಾಕಿದರಾಯಿತು.