ವಿಎಂ ಆರಿದೆಯೋ, ಮಲಗಿದೆಯೋ?

ಹಳೆ ಕಂಪ್ಯೂಟರಿನಲ್ಲಿ ಚೆನ್ನಾಗಿದ್ದ ವರ್ಚುವಲ್ ಮೆಷಿನ್ (ವಿಎಂ, ಅಂದರೆ ಕಂಪ್ಯೂಟರಿನೊಳಗೆ ತಂತ್ರಾಂಶದಿಂದ ಓಡುವ ಇನ್ನೊಂದು ಕಂಪ್ಯೂಟರ್) ಹೊಸದರಲ್ಲಿ ಏಳುತ್ತಿಲ್ಲ ಎಂದು ಫೋನ್ ಬಂದರೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಅಲ್ಲಿ ಅದನ್ನು ಹೇಗೆ ಬಂದ್ ಮಾಡಿದಿರಿ? 'ಮಾಡಿದ್ದೆ ಸರ್' ಅನ್ನುತ್ತಾರೆ. ಹೇಗೆ ಅಂತ ಮತ್ತೆ ಕೇಳಿದರೆ, 'ಮೇಲಿನ ಎಕ್ಸ್ ಒತ್ತಿದೆ.' ಎಕ್ಸ್ ಒತ್ತಿದಾಗ ವಿಎಂ ಓಡಿಸುವ ತಂತ್ರಾಂಶ ವರ್ಚುವಲ್‌ಬಾಕ್ಸ್ ಮೂರು ಆಯ್ಕೆ ಕೊಡುತ್ತದೆ, ಅಂಥದೇ ಇನ್ನೊಂದಾದ ವಿಎಂವೇರ್ ಕೂಡ ಸಸ್ಪೆಂಡೋ (ಇದ್ದ ಸ್ಥಿತಿಯಲ್ಲೇ ಮಲಗಿಸುವುದೋ) ಪವರ್ ಆಫೋ ಎಂದು ಕೇಳುತ್ತದೆ. ಓದದೆ ಓಕೆ ಒತ್ತುತ್ತಾರೆ. ಹೆಚ್ಚಿನ ಸಲ ವಿಎಂ ಆರಿರುವುದಿಲ್ಲ, ಮಲಗಿರುತ್ತದೆ. ಮಲಗಿರುವುದನ್ನು ಹಾಗೇ ಹೊತ್ತು ತಂದು ಬೇರೆ ಮನೆಯಲ್ಲಿ ಎಬ್ಬಿಸಲು ನೋಡುತ್ತಾರೆ.

ಗದಗದಲ್ಲಿ ಒಬ್ಬ ಹಿರಿಯರ ಪ್ರೆಸ್ ಇದೆ. ಮುದ್ರಣಕ್ಕೆ ಹೆಸರಾದ ಊರು ಅದು. ಅವರ ಬಳಿ ಪುಟ ಕಟ್ಟುವ ಹಳೆ ತಂತ್ರಾಂಶ ಪೇಜ್‌ಮೇಕರ್ 7ರಲ್ಲಿ, ನುಡಿಯ ಹಳೆ ಆಸ್ಕಿ (ಯೂನಿಕೋಡಿಗೂ ಮುಂಚಿನ) ಅಕ್ಷರಗಳಲ್ಲಿ ಕಟ್ಟಿದ ನೂರಾರು ಪುಸ್ತಕಗಳಿವೆ. ಮರುಮುದ್ರಣ ಬಂದಾಗ ಅವನ್ನು ತೆರೆಯಲೇಬೇಕು. ಅದಕ್ಕೆಂದೇ ನಾನು ವಿಎಂವೇರಿನಲ್ಲಿ ವಿಂಡೋಸ್ ಎಕ್ಸ್‌ಪಿಯ ಒಂದು ವಿಎಂ ಮಾಡಿಕೊಟ್ಟಿದ್ದೆ. ಒಂದು ದಿನ ಫೋನ್ ಬಂತು: 'ತಮ್ಮಾ, ಹೊಸಾ ಕಂಪ್ಯೂಟರಿನಾಗ ಎಕ್ಸ್‌ಪಿ ಏಳವಲ್ದು. ಫೋಲ್ಡರ್ ಪೂರ್ತಿ ಕಾಪಿ ಮಾಡೇನಿ.' ಫೋಲ್ಡರ್ ಪೂರ್ತಿ ತಂದಿದ್ದೇ ದೊಡ್ಡದು. ಬರೀ ವಿಎಂಡಿಕೆ (ವಿಎಂನ ಡಿಸ್ಕು) ಕಡತವೊಂದನ್ನೇ ತಂದು, ಸ್ನ್ಯಾಪ್‌ಶಾಟಿನ ತುಂಡುಗಳನ್ನು, ಅಂದರೆ ಆಮೇಲಿನ ಬದಲಾವಣೆಗಳಿರುವ ಕಡತಗಳನ್ನು, ಹಿಂದೆ ಬಿಟ್ಟು, ಆರು ತಿಂಗಳ ಹಿಂದಿನ ಲೆಕ್ಕ ಕಂಡು ಗಾಬರಿಯಾದವರನ್ನೂ ನೋಡಿದ್ದೇನೆ.

'ಹೆಂಗ ಬಂದ್ ಮಾಡಿದ್ರಿ ಕಾಕಾ?'

'ಅದನ್ನ ನಾ ಎಂದೂ ಬಂದ್ ಮಾಡಂಗಿಲ್ಲ. ರಾತ್ರಿ ಸಸ್ಪೆಂಡ್ ಮಾಡ್ತೇನಿ. ಮುಂಜಾನೆ ಎಬ್ಬಿಸಿದ್ರ ಬಿಟ್ಟ ಪುಟಾನ ಬರತೈತಿ.'

ಹಳೆಯದರ ಪ್ರೊಸೆಸರ್ ಇಂಟೆಲ್, ಹೊಸದರದು ಎಎಂಡಿ ರೈಜನ್. ತೆರೆಯ ಮೇಲೆ ಬಂದ ಸಂದೇಶವನ್ನು ಅವರು ಫೋನಿನಲ್ಲಿ ಅಕ್ಷರ ಅಕ್ಷರ ಓದಿ ಹೇಳಿದರು: ಈ ಯಂತ್ರದ ಪ್ರೊಸೆಸರಿನ ಗುಣಗಳು, ಸ್ಥಿತಿ ಉಳಿಸಿದ ಯಂತ್ರದ ಗುಣಗಳಿಗಿಂತ ಬೇರೆ ಎಂದು ಅದರ ಸಾರ.

ಇಲ್ಲಿ ನಡೆಯುವುದೇನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಎಷ್ಟು ಸಲ ಹೇಳಿದರೂ ಜನ ಇದನ್ನು ಡಿಸ್ಕಿನ ತೊಂದರೆ ಎಂದೇ ತಿಳಿಯುತ್ತಾರೆ. ವಿಎಂನಲ್ಲಿ ಡಿಸ್ಕು, ಮೆಮೊರಿ ಎಲ್ಲ ತೋರಿಕೆಯವು, ಆದರೆ ಪ್ರೊಸೆಸರ್ ಬಹುಮಟ್ಟಿಗೆ ನಿಮ್ಮ ನಿಜವಾದ ಪ್ರೊಸೆಸರೇ. ಆಪರೇಟಿಂಗ್ ಸಿಸ್ಟಮ್ ಏಳುವಾಗ ಸಿಪಿಯುಐಡಿ ಎಂಬ ಆದೇಶದಿಂದ ಪ್ರೊಸೆಸರನ್ನು ಕೇಳುತ್ತದೆ: ನಿನಗೆ ಯಾವ ಯಾವ ಆದೇಶ ಗೊತ್ತು? ಪ್ರೋಗ್ರಾಮುಗಳೂ ಕೇಳುತ್ತವೆ. ಲಿನಕ್ಸಿನ ಬಹುತೇಕ ಪ್ರೋಗ್ರಾಮುಗಳು ನೆಚ್ಚಿರುವ ಮೂಲ ಲೈಬ್ರರಿ ಗ್ಲಿಬ್‌ಸಿಯನ್ನೇ ನೋಡಿ. ಮೆಮೊರಿ ನಕಲು ಮಾಡುವ ಒಂದೇ ಕೆಲಸಕ್ಕೆ ಅದರಲ್ಲಿ ಹಲವು ಬಗೆಯ ಕೋಡ್ ಇದೆ. ಈ ಪ್ರೊಸೆಸರಿಗೆ ಎವಿಎಕ್ಸ್ ಎಂಬ ಆದೇಶಗಳ ಗುಂಪು ಗೊತ್ತಿದೆ ಎಂದು ಕಂಡರೆ ಆ ಬಗೆಯನ್ನು ಆರಿಸಿ, ಅದರ ವಿಳಾಸವನ್ನು ಮೆಮೊರಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಆ ಪ್ರೋಗ್ರಾಮ್ ಮುಗಿಯುವ ತನಕ ಮತ್ತೆ ಕೇಳುವುದಿಲ್ಲ. ಸಸ್ಪೆಂಡ್ ಮಾಡಿದಾಗ ಆ ಮೆಮೊರಿ ಇದ್ದ ಹಾಗೇ ಕಡತವಾಗುತ್ತದೆ, ಹಳೆ ಪ್ರೊಸೆಸರ್ ಕೊಟ್ಟ ಉತ್ತರವೂ ಅದರೊಳಗೇ ಇರುತ್ತದೆ. ಹೊಸ ಯಂತ್ರದಲ್ಲಿ ಎದ್ದ ವಿಎಂ ಆ ಹಳೆ ಉತ್ತರವನ್ನು ನಂಬಿ ಆದೇಶ ಕೊಟ್ಟು, ಪ್ರೊಸೆಸರಿಗೆ ಅದು ಗೊತ್ತಿಲ್ಲದಿದ್ದರೆ ಅಲ್ಲೇ ಕುಸಿಯುತ್ತದೆ. ಅದಕ್ಕೇ ವಿಎಂವೇರ್ ಮೊದಲೇ ತಡೆಯುತ್ತದೆ. ಪೂರ್ತಿ ಬಂದ್ ಮಾಡಿ ತಂದ ವಿಎಂ ಹೊಸ ಪ್ರೊಸೆಸರನ್ನು ಹೊಸದಾಗಿಯೇ ಕೇಳುತ್ತದೆ, ತಂಟೆ ಇರುವುದಿಲ್ಲ.

'ಹೊಸ ಪ್ರೊಸೆಸರ್ ಅಂದಮೇಲೆ ಹಳೆಯದು ಮಾಡುವುದೆಲ್ಲ ಮಾಡಲೇಬೇಕಲ್ಲ' ಎಂದು ವಾದಿಸುವವರಿದ್ದಾರೆ. ಹಾಗೇನೂ ಇಲ್ಲ. ಇಂಟೆಲಿನ 11ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಎವಿಎಕ್ಸ್-512 ಇತ್ತು. 12ನೇ ಪೀಳಿಗೆಯಲ್ಲಿ ಅದನ್ನು ಅಧಿಕೃತವಾಗಿ ಕೈಬಿಟ್ಟರು.

ದೊಡ್ಡ ಸರ್ವರ್ ಕೋಣೆಗಳಲ್ಲಿ ಓಡುತ್ತಿರುವ ವಿಎಂ ಅನ್ನೇ ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತಾರಲ್ಲ ಎಂದು ಕೇಳುತ್ತೀರಿ. ದಾಟಿಸುತ್ತಾರೆ, ಮೊದಲೇ ಏರ್ಪಾಡು ಮಾಡಿಕೊಂಡು. ವಿಎಂವೇರಿನ ಇವಿಸಿ ಎಂಬ ಏರ್ಪಾಡು, ಮೈಕ್ರೋಸಾಫ್ಟಿನ ವಿಎಂ ತಂತ್ರಾಂಶವಾದ ಹೈಪರ್-ವಿಯ ಪ್ರೊಸೆಸರ್ ಕಂಪ್ಯಾಟಿಬಿಲಿಟಿ ಆಯ್ಕೆ, ಎರಡೂ ಮಾಡುವುದು ಒಂದೇ ಕೆಲಸ: ಹೊಸ ಪ್ರೊಸೆಸರಿನ ಹೆಚ್ಚಿನ ಗುಣಗಳನ್ನು ವಿಎಂಗೆ ಕಾಣದಂತೆ ಮುಚ್ಚುವುದು. ಇಷ್ಟಾದರೂ ಇಂಟೆಲಿನಿಂದ ಎಎಂಡಿಗೆ ಓಡುತ್ತಲೇ ದಾಟಿಸಲು ಇವೆರಡೂ ಒಪ್ಪುವುದಿಲ್ಲ. ಪ್ರಾಕ್ಸ್‌ಮಾಕ್ಸ್ ಎಂಬ ಇನ್ನೊಂದು ವಿಎಂ ತಂತ್ರಾಂಶ ಬಳಸುವವರು ವೇಗ ಬೇಕೆಂದು ಪ್ರೊಸೆಸರಿನ ಬಗೆಯನ್ನು 'ಹೋಸ್ಟ್' ಎಂದು, ಅಂದರೆ ನಿಜವಾದ ಪ್ರೊಸೆಸರನ್ನು ಇದ್ದಂತೆಯೇ ತೋರಿಸುವಂತೆ, ಇಡುತ್ತಾರೆ. ಒಂದೇ ಯಂತ್ರವಿದ್ದರೆ ಸರಿ. ಬೇರೆ ಬೇರೆ ವರ್ಷ ಕೊಂಡ ಮೂರು ಯಂತ್ರಗಳಿದ್ದರೆ ಹಾಗಿಡಬೇಡಿ.

ಉಳಿದ ತೊಂದರೆಗಳು ಹೆಸರಿಗೆ ದೊಡ್ಡವು, ಪರಿಹಾರ ಸಣ್ಣದು. ವಿಎಂವೇರ್ ವರ್ಕ್‌ಸ್ಟೇಷನ್ 17ರ ವಿಎಂ ಹಳೆ ಆವೃತ್ತಿಯಲ್ಲಿ ತೆರೆಯದಿದ್ದರೆ, ಮೂಲ ಯಂತ್ರದಲ್ಲೇ ವಿಎಂನ ಹಾರ್ಡ್‌ವೇರ್ ಆವೃತ್ತಿಯನ್ನು ಇಳಿಸಿ ತನ್ನಿ. ವಿಂಡೋಸನ್ನು ವಿಎಂವೇರಿನಿಂದ ಪ್ರಾಕ್ಸ್‌ಮಾಕ್ಸಿಗೆ ತಂದಾಗ 7ಬಿ ದೋಷದ (ಡಿಸ್ಕು ಸಿಗಲಿಲ್ಲ ಎನ್ನುವ) ನೀಲಿ ಪರದೆ ಬಂದರೆ ಡಿಸ್ಕಿನ ಜೋಡಣೆಯನ್ನು ಮೊದಲು ಸಾಟಾ ಮಾಡಿ ಎಬ್ಬಿಸಿ, ವಿಎಂಗೆಂದೇ ಇರುವ ವರ್ಟಿಯೋ ಡ್ರೈವರ್ ಹಾಕಿ, ಆಮೇಲೆ ವರ್ಟಿಯೋಗೆ ಬದಲಿಸಿ. ಲಿನಕ್ಸಿಗೆ ನೆಟ್‌ವರ್ಕ್ ಸಿಗದಿದ್ದರೆ ಕಾರ್ಡಿನ ಹೆಸರು ಬದಲಾಗಿರುತ್ತದೆ, ಹಳೆ ಹೆಸರು ಕಾನ್ಫಿಗ್‌ನಲ್ಲಿ ಕೂತಿರುತ್ತದೆ. ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ ಬಿಟ್‌ಲಾಕರ್ ಇದ್ದರೆ ರಿಕವರಿ ಕೀ ಕೈಯಲ್ಲಿಲ್ಲದೆ ಮುಟ್ಟಬೇಡಿ. 'ಮೂವ್ಡ್' ಅಥವಾ 'ಕಾಪಿಡ್' ಎಂದು ವಿಎಂವೇರ್ ಕೇಳಿದಾಗ, ಕಾಪಿ ಮಾಡಿದ್ದು ನಿಜವಲ್ಲವೇ ಎಂದು ಪ್ರಾಮಾಣಿಕವಾಗಿ 'ಕಾಪಿಡ್' ಒತ್ತುವವರು ಬಹಳ. ಹಳೆಯದನ್ನು ಇನ್ನು ಓಡಿಸುವುದಿಲ್ಲ ಎಂದಾದರೆ 'ಮೂವ್ಡ್' ಒತ್ತಿ. ಇಲ್ಲವಾದರೆ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆ) ಬದಲಾಗಿ, ಅದಕ್ಕೆ ಕಟ್ಟಿದ ಲೈಸೆನ್ಸ್ ಕೈಕೊಡಬಹುದು.

ಕಾಕಾನ ಎಕ್ಸ್‌ಪಿಗೆ ದಾರಿ ಎರಡೇ ಇದ್ದವು. ಮಲಗಿದ ಸ್ಥಿತಿಯನ್ನು ಎಸೆದು ಹೊಸದಾಗಿ ಎಬ್ಬಿಸುವುದು ಒಂದು. ಓಡುವ ಕಂಪ್ಯೂಟರಿನ ಕರೆಂಟು ಕಿತ್ತಂತೆ ಅದು. ಒಳಗೆ ಒಂದು ಮಠದ ಜಾತ್ರೆಯ ಪುಸ್ತಕ ತೆರೆದೇ ಇತ್ತು, ಅಂದಿನ ತಿದ್ದುಪಡಿ ಸೇವ್ ಆಗಿರಲಿಲ್ಲ. ಪುಟ ತಿರುಗಿಸಿದಾಗಲೆಲ್ಲ ಪೇಜ್‌ಮೇಕರ್ ತಾನೇ ಒಂದಿಷ್ಟು ಉಳಿಸಿಕೊಳ್ಳುತ್ತದೆ, ಆದರೆ ಅದನ್ನು ನಂಬಿ ಎಸೆಯಿರಿ ಎನ್ನಲು ನನಗೆ ಧೈರ್ಯ ಬರಲಿಲ್ಲ. ಇನ್ನೊಂದು ದಾರಿ, ಹಳೆ ಯಂತ್ರದಲ್ಲೇ ಎಬ್ಬಿಸುವುದು.

'ಹಳೇದು ಎಲ್ಲೈತ್ರಿ?'

'ಎಕ್ಸ್‌ಚೇಂಜ್‌ನಾಗ ಕೊಟ್ಟ ಬಂದೇನಿ. ನಿನ್ನೆ.'

ಮರುದಿನ ಬೆಳಿಗ್ಗೆ ಹುಬ್ಬಳ್ಳಿಯಿಂದ ಹೋದೆ. ಅಂಗಡಿಯ ಮೂಲೆಯಲ್ಲಿ ಸಿಪಿಯು ಇನ್ನೂ ಹಾಗೇ ಇತ್ತು, ಡಿಸ್ಕು ಅಳಿಸಿರಲಿಲ್ಲ. ಅಲ್ಲೇ ಸ್ಟೂಲಿನ ಮೇಲಿಟ್ಟು, ಒಂದು ಮಾನಿಟರ್ ಕೇಳಿ ಪಡೆದು ವಿಎಂ ಎಬ್ಬಿಸಿದೆವು. 63ನೇ ಪುಟ, ಅರ್ಧ ತಿದ್ದಿದ ಒಂದು ಸಾಲು, ಅದರ ಕೊನೆಗೆ ಮಿನುಗುವ ಕರ್ಸರ್. ಕಾಕಾ ಕನ್ನಡಕ ಏರಿಸಿ ಆ ಸಾಲನ್ನು ಅಲ್ಲಿಯೇ ಮುಗಿಸಿ, ತಾವೇ ಕಂಟ್ರೋಲ್ ಎಸ್ ಒತ್ತಿದರು. ಆಮೇಲೆ ಸ್ಟಾರ್ಟ್, ಟರ್ನ್ ಆಫ್. ವಿಎಂನ ಕಿಟಕಿ ಪೂರ್ತಿ ಕಪ್ಪಾಗಿ, 'ಪವರ್ಡ್ ಆಫ್' ಎಂದು ಬರುವ ತನಕ ಯಾರಿಗೂ ಮೌಸ್ ಮುಟ್ಟಗೊಡಲಿಲ್ಲ ನಾನು. ಕಾಪಿ ಆಗಲು ಇಪ್ಪತ್ತು ನಿಮಿಷ ಹಿಡಿಯಿತು. ಹೊಸದರಲ್ಲಿ ಒಂದೇ ಸಲಕ್ಕೆ ಎದ್ದಿತು.

ಅಂಗಡಿಯವರಿಗೆ ಹೇಳಿ, ದುಡ್ಡು ಮರಳಿಸಿ ಹಳೆ ಸಿಪಿಯು ವಾಪಸ್ ತಂದೆವು. ಅದೀಗ ಪ್ರೆಸ್ಸಿನ ಮೇಜಿನ ಕೆಳಗಿದೆ. 'ಈಗ ಕೊಡ್ಲೇನ ತಮ್ಮಾ?' ಎಂದು ಕಾಕಾ ಫೋನ್ ಮಾಡಿದಾಗಲೆಲ್ಲ ಕೇಳುತ್ತಾರೆ. ಜಾತ್ರೆ ಮುಗಿದು ಪುಸ್ತಕದ ಬಿಲ್ ಆಗಲಿ, ಆಮೇಲೆ ನೋಡೋಣ ಎಂದಿದ್ದೇನೆ.