ಉದ್ಯೋಗ ಯಾರಿಗೆ ಎಂದು ಕೇಳಿದ ಪ್ರಾಧ್ಯಾಪಕ

ನಗರ ಯೋಜನೆ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ರಸ್ತೆ ಅಗಲೀಕರಣ, ಬಡಾವಣೆಯ ನಕ್ಷೆ ಮತ್ತು ವಸತಿಗೆ ಹಳದಿ, ಕೈಗಾರಿಕೆಗೆ ನೇರಳೆ ಬಣ್ಣ ಬಳಿದ ಮಾಸ್ಟರ್ ಪ್ಲಾನ್. ಇದೇ ಶಾಸ್ತ್ರದಲ್ಲಿ ಸ್ಥಳೀಯ ಆರ್ಥಿಕ ಅಭಿವೃದ್ಧಿ ಎಂಬ ಇನ್ನೊಂದು ಕವಲಿದೆ. ಒಂದು ಊರಿನೊಳಗೆ ಉದ್ಯೋಗ ಎಲ್ಲಿ ಹುಟ್ಟುತ್ತದೆ, ಎಲ್ಲಿ ಸಾಯುತ್ತದೆ, ಅದರಲ್ಲಿ ಸ್ಥಳೀಯ ಸರ್ಕಾರದ ಜಮೀನು, ತೆರಿಗೆ ಮತ್ತು ಅನುಮತಿಗಳ ಪಾಲೆಷ್ಟು ಎಂಬುದು ಅದರ ವಿಷಯ. ಇದನ್ನು ಬೋಧಿಸುವ ಪ್ರಾಧ್ಯಾಪಕರು ನಿಜಕ್ಕೂ ಏನು ಮಾಡುತ್ತಾರೆ ಎಂದು ವಿದ್ಯಾರ್ಥಿಗಳು ಕೇಳಿದಾಗ ನಾನು ಸಾಮಾನ್ಯವಾಗಿ ಷಿಕಾಗೋದ ರಾಬರ್ಟ್ ಮಿಯರ್ ಅವರ ವೃತ್ತಿಜೀವನವನ್ನು ಮುಂದಿಡುತ್ತೇನೆ.

ಇಲಿನಾಯ್ ವಿಶ್ವವಿದ್ಯಾಲಯದ ಷಿಕಾಗೋ ಶಾಖೆಯಲ್ಲಿ ಪಾಠ ಹೇಳುತ್ತಿದ್ದ ಮಿಯರ್, 1978ರಲ್ಲಿ ಅಲ್ಲಿ ನಗರ ಆರ್ಥಿಕ ಅಭಿವೃದ್ಧಿ ಕೇಂದ್ರವನ್ನು ಆರಂಭಿಸಿದವರು. ಕಾರ್ಖಾನೆಗಳು ಒಂದರ ಹಿಂದೊಂದು ಬಾಗಿಲು ಹಾಕುತ್ತಿದ್ದ ಕಾಲವದು. ಕೇಂದ್ರದ ಸಂಶೋಧಕರು ಬಡಾವಣೆಗಳ ಸಂಘಟನೆಗಳ ಜತೆ ಕೂತು, ಅವರಿಗೆ ಬೇಕಾದ ಲೆಕ್ಕಾಚಾರ ಮತ್ತು ಸಮೀಕ್ಷೆಗಳನ್ನು ಮಾಡಿಕೊಡುತ್ತಿದ್ದರು. 1983ರಲ್ಲಿ ಹೆರಾಲ್ಡ್ ವಾಷಿಂಗ್ಟನ್ ಆ ನಗರದ ಮೊದಲ ಕಪ್ಪು ಮೇಯರ್ ಆಗಿ ಆಯ್ಕೆಯಾದಾಗ ಮಿಯರ್ ಆರ್ಥಿಕ ಅಭಿವೃದ್ಧಿ ಇಲಾಖೆಯ ಆಯುಕ್ತರಾದರು. ಕ್ಲೀವ್‌ಲ್ಯಾಂಡಿನ ನಾರ್ಮನ್ ಕ್ರಮ್‌ಹೋಲ್ಜ್ ಹತ್ತು ವರ್ಷ ನಗರದ ಯೋಜನಾ ನಿರ್ದೇಶಕರಾಗಿದ್ದು ಆಮೇಲೆ ಪ್ರಾಧ್ಯಾಪಕರಾದವರು. ಮಿಯರ್ ಹಿಡಿದದ್ದು ಅದರ ಎದುರು ದಾರಿ. ಪಾಠದ ಕೊಠಡಿಯಲ್ಲಿ ಒಪ್ಪವಾಗಿ ಕಂಡ ತತ್ತ್ವಗಳನ್ನು, 50 ಸದಸ್ಯರಲ್ಲಿ 29 ಮಂದಿ ಮೇಯರ್‌ಗೆ ಎದುರಾಗಿದ್ದ ನಗರಸಭೆಯ ಮುಂದೆ ಅವರು ಜಾರಿ ಮಾಡಬೇಕಿತ್ತು.

1984ರಲ್ಲಿ ಆ ಆಡಳಿತ ಪ್ರಕಟಿಸಿದ ಅಭಿವೃದ್ಧಿ ಯೋಜನೆಯನ್ನು ನಾನು ಈಗಲೂ ಪಾಠಕ್ಕೆ ಬಳಸುವುದುಂಟು. ಆವರೆಗಿನ ರೂಢಿಯಂತೆ ನಗರದ ನಡುಭಾಗದಲ್ಲಿ ಎಷ್ಟು ಕಟ್ಟಡಗಳು ಏಳಬೇಕು ಎಂಬಲ್ಲಿಂದ ಅದು ಆರಂಭವಾಗುವುದಿಲ್ಲ. ಷಿಕಾಗೋ ನಿವಾಸಿಗಳಿಗೆ ಉದ್ಯೋಗ ಎಂಬುದೇ ಅದರ ಮೊದಲ ಗುರಿ. ಸಮತೋಲನದ ಬೆಳವಣಿಗೆ, ಬಡಾವಣೆಗಳ ಅಭಿವೃದ್ಧಿ, ಜನರ ಭಾಗವಹಿಸುವಿಕೆ ಅದರ ಹಿಂದೆ ಬರುತ್ತವೆ. ಇಂಥ ವಾಕ್ಯಗಳನ್ನು ಯಾವ ಸರ್ಕಾರವಾದರೂ ಬರೆದೀತು. ಅವುಗಳ ಬೆನ್ನಿಗೆ ಅಂಕಿ ಬಂದಾಗ ಮಾತ್ರ ಇಲಾಖೆಯ ಗುಮಾಸ್ತನ ಮೇಜಿನ ಮೇಲೆ ಏನಾದರೂ ಬದಲಾಗುತ್ತದೆ: ನಗರದ ಗುತ್ತಿಗೆಗಳಲ್ಲಿ ಶೇ. 25ರಷ್ಟು ಅಲ್ಪಸಂಖ್ಯಾತರ ಉದ್ಯಮಗಳಿಗೆ, ಶೇ. 5ರಷ್ಟು ಮಹಿಳೆಯರ ಉದ್ಯಮಗಳಿಗೆ ಎಂಬ ಗುರಿಯನ್ನು 1985ರಲ್ಲಿ ಮೇಯರ್ ಆದೇಶದ ಮೂಲಕವೇ ನಿಗದಿಪಡಿಸಲಾಯಿತು.

ಇದೇ ನಿಲುವಿನ ಕಠಿಣ ಪರೀಕ್ಷೆ ಬಂದದ್ದು ಪ್ಲೇಸ್ಕೂಲ್ ಆಟಿಕೆ ಕಾರ್ಖಾನೆಯ ಪ್ರಕರಣದಲ್ಲಿ. ಕಾರ್ಖಾನೆಯ ವಿಸ್ತರಣೆಗೆಂದು 1980ರಲ್ಲಿ ನಗರದ ಮೂಲಕ 10 ಲಕ್ಷ ಡಾಲರಿನ ಕೈಗಾರಿಕಾ ಬಾಂಡ್ ಒದಗಿಸಲಾಗಿತ್ತು. ಇಂಥ ಬಾಂಡಿನ ಬಡ್ಡಿಗೆ ತೆರಿಗೆ ವಿನಾಯಿತಿ ಇರುವುದರಿಂದ ಕಂಪನಿಗೆ ಸಾಲ ಅಗ್ಗವಾಗಿ ಸಿಗುತ್ತದೆ. ಅಗ್ಗವಾದಷ್ಟೂ ಹೊರೆ ಸಾರ್ವಜನಿಕ ಬೊಕ್ಕಸದ ಮೇಲೆ ಬೀಳುತ್ತದೆ. ಪ್ರತಿಯಾಗಿ ಸುಮಾರು 400 ಹೊಸ ಉದ್ಯೋಗಗಳ ಭರವಸೆಯಿತ್ತು. ಅಷ್ಟರಲ್ಲಿ ಕಾರ್ಖಾನೆ ಹ್ಯಾಸ್ಬ್ರೋ ಕಂಪನಿಯ ಕೈಗೆ ಹೋಗಿ, 1984ರಲ್ಲಿ ಅದನ್ನು ಮುಚ್ಚುವ ಘೋಷಣೆ ಹೊರಬಿತ್ತು. ಸುಮಾರು 700 ಜನರ ಕೆಲಸ ಹೋಗಲಿತ್ತು. ನಗರ ನ್ಯಾಯಾಲಯದ ಮೆಟ್ಟಿಲೇರಿತು. 1985ರ ಆರಂಭದಲ್ಲಿ ಆದ ರಾಜಿಯಿಂದ ಮುಚ್ಚುವಿಕೆ ನಿಧಾನವಾಯಿತು, ಕೆಲಸ ಕಳೆದುಕೊಳ್ಳುವವರಿಗೆ ಬೇರೆ ಕೆಲಸ ಹುಡುಕಿಕೊಡುವ ವ್ಯವಸ್ಥೆಯಾಯಿತು, ಕಾರ್ಖಾನೆಯಂತೂ ಉಳಿಯಲಿಲ್ಲ. ಹಾಗೆಂದು ಇದನ್ನು ಸೋಲೆಂದು ತಳ್ಳಿಹಾಕುವವರ ಜತೆ ನನ್ನ ಸಹಮತವಿಲ್ಲ. ರಿಯಾಯಿತಿ ಪಡೆದವರು ಮಾತು ತಪ್ಪಿದರೆ ಅದನ್ನು ಹಿಂದಕ್ಕೆ ಪಡೆಯುವ ಷರತ್ತು ಇಂದು ಅಮೆರಿಕದ ಅನೇಕ ರಾಜ್ಯಗಳ ಒಪ್ಪಂದಗಳಲ್ಲಿ ಮಾಮೂಲಾಗಿದೆ. 1984ರಲ್ಲಿ ಆ ಬಗೆಯ ಹಕ್ಕನ್ನು ಒಂದು ನಗರ ನ್ಯಾಯಾಲಯದಲ್ಲಿ ಕೇಳಿದ್ದು ಅಪರೂಪದ ಸಂಗತಿ.

ನನ್ನ ದೃಷ್ಟಿಯಲ್ಲಿ ಆ ಕಾಲದ ಹೆಚ್ಚು ಸ್ವಾರಸ್ಯದ ಕೆಲಸ ಜಮೀನಿಗೆ ಸಂಬಂಧಿಸಿದ್ದು. ಷಿಕಾಗೋ ನದಿಯ ಉತ್ತರ ಕವಲಿನ ಬದಿಯ ಕ್ಲೈಬರ್ನ್ ಪ್ರದೇಶದಲ್ಲಿ ಉಕ್ಕಿನ ಕಾರ್ಖಾನೆಯೂ ಸಣ್ಣಪುಟ್ಟ ಕೈಗಾರಿಕೆಗಳೂ ಇದ್ದವು. ಹಳೆಯ ಗೋದಾಮುಗಳು ದುಬಾರಿ ಮನೆಗಳಾಗಿ ಬದಲಾಗತೊಡಗಿದಾಗ ಎರಡು ಸಂಗತಿ ಒಟ್ಟಿಗೆ ನಡೆದವು. ಹೊಸ ನಿವಾಸಿಗಳು ಲಾರಿ, ಹೊಗೆ, ರಾತ್ರಿ ಪಾಳಿಯ ಸದ್ದಿನ ಬಗ್ಗೆ ದೂರು ಕೊಡತೊಡಗಿದರು. ಜಮೀನಿನ ಬೆಲೆಯೋ ಮುಂದೆಂದೋ ಏಳಬಹುದಾದ ಮನೆಗಳ ಲೆಕ್ಕದಲ್ಲಿ ಏರಿತು. ಹೀಗಾದಾಗ ಕಾರ್ಖಾನೆ ನಷ್ಟದಿಂದ ಮುಚ್ಚಬೇಕೆಂದೇನೂ ಇಲ್ಲ. ನಾಳೆ ಇಲ್ಲಿರುತ್ತೇವೋ ಇಲ್ಲವೋ ಎಂಬ ಅನುಮಾನ ಹುಟ್ಟಿದರೆ ಸಾಕು, ಮಾಲೀಕ ಹೊಸದಾಗಿ ಬಂಡವಾಳ ಹಾಕುವುದನ್ನು ನಿಲ್ಲಿಸುತ್ತಾನೆ.

ಬೆಂಗಳೂರಿನ ಕೈಗಾರಿಕಾ ಎಸ್ಟೇಟುಗಳಲ್ಲಿ ಸಮೀಕ್ಷೆಗೆ ಹೋಗುವ ಕಿರಿಯರಿಗೆ ವಹಿವಾಟು ಎಷ್ಟೆಂದು ಮೊದಲೇ ಕೇಳಬೇಡಿ ಎನ್ನುವುದು ಇದಕ್ಕೇ. ಆ ಪ್ರಶ್ನೆಗೆ ಸರಿಯುತ್ತರ ಸಿಗುವುದೂ ಕಡಿಮೆ. ಶೆಡ್ಡು ಸ್ವಂತದ್ದೋ ಬಾಡಿಗೆಯದ್ದೋ, ಕೊನೆಯ ಬಾರಿ ಯಂತ್ರ ಕೊಂಡದ್ದು ಯಾವಾಗ, ಕೆಲಸಗಾರರು ಬರುವುದು ನಡೆದೋ ಬಸ್ಸಿನಲ್ಲೋ ಎಂದು ಕೇಳಿದರೆ ಆ ಬೀದಿಯ ಭವಿಷ್ಯ ತಕ್ಕಮಟ್ಟಿಗೆ ತಿಳಿಯುತ್ತದೆ. ಲೇತ್ ಯಂತ್ರಗಳೆಲ್ಲ ಹಳೆಯವು, ಬಾಡಿಗೆ ಕರಾರು ಹನ್ನೊಂದು ತಿಂಗಳಿಗೆ ಎಂದಾದರೆ ಅಲ್ಲಿ ಜಮೀನಿನ ಮಾತುಕತೆ ಆಗಲೇ ಶುರುವಾಗಿರುವ ಸಂಭವ ಹೆಚ್ಚು.

ಷಿಕಾಗೋದಲ್ಲಿ ಅಂಥ ಅನುಮಾನಕ್ಕೆ ಮದ್ದಾಗಿ ಬಂದದ್ದು ಯೋಜಿತ ಉತ್ಪಾದನಾ ವಲಯ ಎಂಬ ಕಾನೂನು. ಬಡಾವಣೆಯ ಉದ್ಯೋಗ ಸಂಘಟನೆಯೊಂದು ಎತ್ತಿದ ಬೇಡಿಕೆಯನ್ನು ವಾಷಿಂಗ್ಟನ್ ಆಡಳಿತ ಕೈಗೆತ್ತಿಕೊಂಡಿತು. 1987ರ ನವೆಂಬರಿನಲ್ಲಿ ಮೇಯರ್ ಅಧಿಕಾರದಲ್ಲಿರುವಾಗಲೇ ತೀರಿಕೊಂಡರು. ಕ್ಲೈಬರ್ನ್ ವಲಯಕ್ಕೆ 1988ರಲ್ಲಿ ಒಪ್ಪಿಗೆ ದೊರೆಯಿತು, 1990ರಲ್ಲಿ ಗೂಸ್ ಐಲ್ಯಾಂಡ್ ಮತ್ತು ಎಲ್ಸ್ಟನ್ ಪ್ರದೇಶಗಳೂ ಸೇರಿದವು. ಈ ವಲಯಗಳ ಕೈಗಾರಿಕಾ ತಿರುಳಿನೊಳಗೆ ಮನೆ ಕಟ್ಟುವಂತಿಲ್ಲ ಎಂಬುದು ನಿಯಮ. ಒಂದೊಂದೇ ನಿವೇಶನಕ್ಕೆ ವಿನಾಯಿತಿ ಕೇಳಿಕೊಂಡು ಬರುವ ದಾರಿ ಮುಚ್ಚಿದಾಗ ಜಮೀನಿನ ಮೇಲಿನ ಜೂಜೂ ತಗ್ಗಿತು.

ನಮ್ಮಲ್ಲಿ ಆ ದಾರಿ ತೆರೆದೇ ಇದೆ. ಮಾಸ್ಟರ್ ಪ್ಲಾನಿನಲ್ಲಿ ಗುರುತಿಸಿದ ಬಳಕೆಯನ್ನು ಬದಲಿಸಲು ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಮು ಅವಕಾಶ ಕೊಡುತ್ತದೆ. ಮಲ್ಲೇಶ್ವರದ ರಾಜಾ ಮಿಲ್ಲಿನ ಜಾಗದಲ್ಲಿ ಈಗ ಮಾಲ್ ಇದೆ, ಬಿನ್ನಿ ಮಿಲ್ಲಿನ ಜಾಗದಲ್ಲಿ ಅಪಾರ್ಟ್‌ಮೆಂಟುಗಳಿವೆ. ಆ ಮಿಲ್ಲುಗಳು ಉಳಿಯಬೇಕಿತ್ತೆಂದು ನಾನು ವಾದಿಸುತ್ತಿಲ್ಲ. ಅಷ್ಟು ಕೈಗಾರಿಕಾ ಭೂಮಿ ಬೇರೆ ಬಳಕೆಗೆ ಹೋಗುವಾಗ ಉದ್ಯೋಗದ ಲೆಕ್ಕ ಇಡುವುದು ಯಾರ ಕೆಲಸ ಎಂಬುದಷ್ಟೇ ನನ್ನ ಪ್ರಶ್ನೆ.

ಮಿಯರ್ ಬೋಧನೆಗೆ ಮರಳಿ, ಆಡಳಿತದ ಅನುಭವವನ್ನು 1993ರಲ್ಲಿ ಪುಸ್ತಕವಾಗಿ ತಂದು, 1995ರಲ್ಲಿ ನಿಧನರಾದರು. ಅವರ ಕಾಲದ ವಲಯಗಳೇನೂ ಶಾಶ್ವತವಾಗಿ ಉಳಿಯಲಿಲ್ಲ. ಉಕ್ಕಿನ ಕಾರ್ಖಾನೆ ನಗರದ ದಕ್ಷಿಣ ಭಾಗಕ್ಕೆ ಸ್ಥಳಾಂತರಗೊಂಡಿತು, 2017ರಲ್ಲಿ ಉತ್ತರ ಕವಲಿನ ರಕ್ಷಣೆಯನ್ನು ಬಹುಮಟ್ಟಿಗೆ ತೆಗೆಯಲಾಯಿತು, 2019ರಲ್ಲಿ ಅಲ್ಲಿ ಲಿಂಕನ್ ಯಾರ್ಡ್ಸ್ ಎಂಬ ಬೃಹತ್ ವಸತಿ ಮತ್ತು ಕಚೇರಿ ಯೋಜನೆಗೆ ಅನುಮತಿ ಸಿಕ್ಕಿತು. ಆದರೆ 2017ರ ಆ ತಿದ್ದುಪಡಿಯ ಜತೆಗೇ ಒಂದು ನಿಧಿಯೂ ಹುಟ್ಟಿತು: ಕೈಗಾರಿಕಾ ಜಮೀನನ್ನು ಬೇರೆ ಬಳಕೆಗೆ ತಿರುಗಿಸುವವರು ಕಟ್ಟುವ ಶುಲ್ಕ ನಗರದ ಉಳಿದ ಕೈಗಾರಿಕಾ ಪ್ರದೇಶಗಳ ಸುಧಾರಣೆಗೆ ಹೋಗಬೇಕು. ಭೂಬಳಕೆ ಬದಲಾವಣೆಗೆ ಶುಲ್ಕ ವಸೂಲು ಮಾಡುವ ಅಧಿಕಾರ ನಮ್ಮ ಕಾಯ್ದೆಯ 18ನೇ ಕಲಮಿನಲ್ಲೂ ಇದೆ. ಆ ಹಣದ ಒಂದು ಪಾಲನ್ನು ಉಳಿದಿರುವ ಕೈಗಾರಿಕಾ ಎಸ್ಟೇಟುಗಳ ರಸ್ತೆ ಮತ್ತು ಚರಂಡಿಗಳಿಗೆ ಮೀಸಲಿಡುವ ನಿಯಮ ಮಾಡುವುದು ಅಸಾಧ್ಯವೇನಲ್ಲ.